‘ನಾಗರಹಾವು’ ನೋಡಿದವರಿಗೆ ಇನ್ನೂ ಹನ್ನೆರಡು ಹಾವು

ಕಳೆದ ಭಾನುವಾರ ರಾತ್ರಿ ದಾವಣಗೆರೆಯ ನಮ್ಮ ಮನೆಗೆ ಹನ್ನೆರಡು ಹಾವು ನುಗ್ಗಿದವು. ಎಲ್ಲಾ ಟಿವಿಯೊಳಗೆ.

ತಪ್ಪು ನಮ್ಮದೇ. ಅವ್ವನ ತವರು ಚಿತ್ರದುರ್ಗ. 1972ರ ‘ನಾಗರಹಾವು’ ಅವಳಿಗೆ ಸಿನಿಮಾ ಅಲ್ಲ, ತವರಿನ ಫೋಟೊ ಆಲ್ಬಮ್. ಕೋಟೆ ಕಂಡರೆ ಸಾಕು, ಮುಂದೆ ಸರಿದು ಕೂರುತ್ತಾಳೆ, ನಡುವೆ ವಿಷ್ಣುವರ್ಧನ್ ಬಂದರೆ ಅವರ ಹಿಂದೆ ಯಾವ ಬತೇರಿ ಇದೆ ಅಂತ ಬಗ್ಗಿ ನೋಡುತ್ತಾಳೆ. ಮಂಡಕ್ಕಿ-ಮಿರ್ಚಿ ಮುಗಿಯಿತು, ಸಿನಿಮಾನೂ ಮುಗಿಯಿತು. ಸೆರಗಲ್ಲಿ ಕಣ್ಣೊರೆಸಿಕೊಂಡು, “ಇಂಥದ್ದೇ ಇನ್ನೊಂದು ಹಾಕೋ” ಅಂದಳು.

ಆ್ಯಪ್ ಇದಕ್ಕೇ ಕಾಯುತ್ತಿತ್ತು. ‘ನೀವು ಇದನ್ನು ನೋಡಿದ್ದರಿಂದ’ ಅಂತ ಸಾಲಾಗಿ ಬಿಚ್ಚಿತು ನೋಡಿ ಬುಟ್ಟಿ! ಸೇಡಿನ ನಾಗಿಣಿ, ಪ್ರೀತಿಯ ನಾಗಿಣಿ, ಡಬ್ಬಿಂಗ್ ಆದ ವಿದೇಶಿ ಹೆಬ್ಬಾವು. ಪಕ್ಕದಲ್ಲಿ ‘98% ಹೊಂದಾಣಿಕೆ’ ಬೇರೆ. ಮದುವೆಗೇ 36 ಗುಣದಲ್ಲಿ 18 ಕೂಡಿದರೆ ಸಾಲಾವಳಿ ಬಂತು ಅಂತ ಛತ್ರ ಬುಕ್ ಮಾಡ್ತೀವಿ, 98 ಅಂದ ಮೇಲೆ ಬೇಡ ಅನ್ನೋದು ಹೇಗೆ?

“ನಾವು ನೋಡಿದ್ರಾಗ ಹಾವು ಎಲ್ಲಿತ್ತೋ?” ಅಂದಳು ಅವ್ವ.

ಹಾವು ಇರುವುದು ಹೀರೊ ರಾಮಾಚಾರಿಯ ಸಿಟ್ಟಿನಲ್ಲಿ. ಅದನ್ನು ಆ್ಯಪ್‌ಗೆ ಹೇಳುವವರು ಯಾರು? ತ.ರಾ.ಸು. ಅವರ ಮೂರು ಕಾದಂಬರಿ ಸೇರಿಸಿ ಪುಟ್ಟಣ್ಣ ಕಣಗಾಲ್ ಈ ಸಿನಿಮಾ ಮಾಡಿದಾಗ, ನಾಗರಹಾವನ್ನು ಕೇರೆಹಾವು ಮಾಡಿಬಿಟ್ಟರು ಅಂತ ತ.ರಾ.ಸು. ಬೇಜಾರಾಗಿದ್ದರಂತೆ. ಈಗ ಇದ್ದಿದ್ದರೆ ಸಮಾಧಾನ ಆಗುತ್ತಿತ್ತೇನೋ. ಆ್ಯಪ್ ಅದನ್ನು ಮತ್ತೆ ಅಸಲಿ ಹಾವು ಮಾಡಿದೆ, ಹಲ್ಲು ಸಮೇತ.

ಸಾಲಿನಲ್ಲಿ ಮೊದಲನೆಯದು 2016ರ ‘ನಾಗರಹಾವು’. ಅದರಲ್ಲಿ ನಿಜವಾಗಿಯೂ ಹಾವಿದೆ, ತೀರಿಕೊಂಡು ಸುಮಾರು ಏಳು ವರ್ಷ ಆಗಿದ್ದ ವಿಷ್ಣುವರ್ಧನ್ ಅವರನ್ನು ಕಂಪ್ಯೂಟರಿನಲ್ಲಿ ಎಬ್ಬಿಸಿ ತಂದಿದ್ದರು. ಹೆಸರೂ ಅದೇ, ಹೀರೊನೂ ಅವರೇ. ಯಂತ್ರಕ್ಕೆ ಇನ್ನೇನು ಬೇಕು! ಬೆಣ್ಣೆ ದೋಸೆ ತಿಂದು ಇನ್ನೊಂದು ಕೊಡಪ್ಪಾ ಅಂದರೆ, ಇದರಲ್ಲೂ ಬೆಣ್ಣೆ ಇದೆ ಅಂತ ಬೆಣ್ಣೆ ಬಿಸ್ಕತ್ ಪೊಟ್ಟಣ ತಂದಿಟ್ಟ ಹಾಗೆ.

ಹೀಗೆ ಸಿನಿಮಾ ಸೂಚಿಸುವ ವಿದ್ಯೆಯ ಹಿಂದೆ ಸುರಿದ ದುಡ್ಡು ಕಮ್ಮಿ ಏನಲ್ಲ. ನಮ್ಮ ಆಯ್ಕೆಯನ್ನು 10% ಚೆನ್ನಾಗಿ ಊಹಿಸಿದವರಿಗೆ 10 ಲಕ್ಷ ಡಾಲರ್ ಕೊಡ್ತೀವಿ ಅಂತ ನೆಟ್‌ಫ್ಲಿಕ್ಸ್ 2006ರಲ್ಲಿ ಸ್ಪರ್ಧೆ ಇಟ್ಟಿತ್ತು. ಜಗತ್ತಿನ ಲೆಕ್ಕದ ಮೇಷ್ಟ್ರುಗಳೆಲ್ಲ ಮೂರು ವರ್ಷ ಗುದ್ದಾಡಿದರು, 2009ರಲ್ಲಿ ಒಂದು ತಂಡ ಗೆದ್ದಿತು. ಆಮೇಲೆ ಗೆದ್ದ ಆ ಲೆಕ್ಕವನ್ನು ಕಂಪನಿ ಪೂರ್ತಿಯಾಗಿ ಬಳಸಲೇ ಇಲ್ಲ. ನಮ್ಮ ಮನೆಯ ಕಥೆ ಇನ್ನೂ ಚಂದ. ಐದು ಜನಕ್ಕೆ ಒಂದೇ ಅಕೌಂಟು. ಅಕ್ಕನ ಮಗ ಕಾರ್ಟೂನ್ ನೋಡ್ತಾನೆ, ಅಪ್ಪ ಕುಸ್ತಿ ನೋಡ್ತಾರೆ. ಹಾಗಾಗಿ ಆ್ಯಪ್ ಪ್ರಕಾರ ಅವ್ವ ಅಂದರೆ ಕುಸ್ತಿ ಆಡುವ ಆರು ವರ್ಷದ ನಾಗಭಕ್ತೆ.

ಪುಟ್ಟಣ್ಣನವರದೇ ಇನ್ನೊಂದು ಸಿಕ್ಕಿದ್ದರೆ ಅವ್ವ ಖುಷಿಯಾಗಿ ನೋಡುತ್ತಿದ್ದಳು. ಒಂದೂ ಬರಲಿಲ್ಲ. ನನಗೆ ಅನುಮಾನ, ‘ಎಡಕಲ್ಲು ಗುಡ್ಡದ ಮೇಲೆ’ಯನ್ನು ಟ್ರೆಕ್ಕಿಂಗ್ ವಿಭಾಗಕ್ಕೂ ‘ಶರಪಂಜರ’ವನ್ನು ಸಾಕುಪಕ್ಷಿ ವಿಭಾಗಕ್ಕೂ ಹಾಕಿರಬೇಕು.

ಇರಲಿ, ಕಥೆ ಏನಾದರೂ ಇದೆಯಾ ಅಂತ ಒಂದೊಂದನ್ನೂ ಎರಡೆರಡು ನಿಮಿಷ ಹಾಕಿ ನೋಡಿದೆವು. ಎಡವಟ್ಟಾಗಿದ್ದೇ ಅಲ್ಲಿ. ಹನ್ನೆರಡು ಇದ್ದದ್ದು ಇಪ್ಪತ್ತಾಯಿತು.

“ರಾಮಾಚಾರಿಗೆ ಬುದ್ಧಿ ಹೇಳಾಕ ಚಾಮಯ್ಯ ಮೇಷ್ಟ್ರಾದ್ರೂ ಇದ್ರು, ಇದಕ್ಕ ಯಾರೈದಾರೋ?” ಅಂತ ಅವ್ವ ಚಾಪೆ ಹಾಸಿಕೊಂಡಳು. ನಾನು ರಿಮೋಟ್ ಹಿಡಿದು ಇನ್ನೂ ಹುಡುಕುತ್ತಲೇ ಇದ್ದೆ. ಒಂದೂವರೆ ಗಂಟೆ ಆದ ಮೇಲೆ ಟಿವಿ ಕೇಳಿತು: ‘ನೀವು ಇನ್ನೂ ನೋಡುತ್ತಿದ್ದೀರಾ?’