ಶಕ್ತಿ ಮುಗಿದ ಮೇಲೆ ಉಳಿಯುವವನು

1966ರ ಫೆಬ್ರವರಿಯ ಹೆಸರಿನಲ್ಲಿ ಹೊರಬಂದ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ ಕಾಮಿಕ್ಸ್‌ನ 33ನೇ ಸಂಚಿಕೆಯ ಆರಂಭದ ಪುಟಗಳಲ್ಲಿ ಹೊಡೆದಾಟವಿಲ್ಲ. ನೀರಿನ ಅಡಿಯಲ್ಲಿರುವ ಒಂದು ಅಡಗುದಾಣದಲ್ಲಿ, ಮನೆಯಷ್ಟು ದೊಡ್ಡದಾದ ಕಬ್ಬಿಣದ ಯಂತ್ರವೊಂದರ ಕೆಳಗೆ ಸ್ಪೈಡರ್‌ಮ್ಯಾನ್ ಸಿಕ್ಕಿಬಿದ್ದಿದ್ದಾನೆ. ಚಾವಣಿ ಸೋರುತ್ತಿದೆ. ಕಣ್ಣಿಗೆ ಕಾಣುವಂತೆ, ಆದರೆ ಕೈಗೆ ಎಟುಕದಂತೆ, ಔಷಧದ ಡಬ್ಬಿಯೊಂದು ನೆಲದ ಮೇಲೆ ಬಿದ್ದಿದೆ. ಆ ಔಷಧ ಆಸ್ಪತ್ರೆಯಲ್ಲಿ ಸಾವಿನ ಹತ್ತಿರ ಮಲಗಿರುವ ಅವನ ದೊಡ್ಡಮ್ಮ ಮೇಗೆ ತಲುಪಬೇಕು. ಅವಳ ಕಾಯಿಲೆಗೆ ಕಾರಣನೂ ಅವನೇ. ಹಿಂದೊಮ್ಮೆ ಅವಳಿಗೆ ರಕ್ತ ಬೇಕಾದಾಗ ಅವನೇ ಕೊಟ್ಟಿದ್ದ. ಅವನ ಮೈಯಲ್ಲಿ ಶಕ್ತಿಯಾಗಿದ್ದ ವಿಕಿರಣ ಅವಳ ಮೈ ಸೇರಿ ವಿಷವಾಯಿತು.

ಅವನು ಯಂತ್ರವನ್ನು ಎತ್ತಲು ನೋಡುತ್ತಾನೆ, ಆಗುವುದಿಲ್ಲ. ಮತ್ತೆ ನೋಡುತ್ತಾನೆ, ಮತ್ತೆ ಆಗುವುದಿಲ್ಲ. ಚಿತ್ರ ಬರೆದ ಸ್ಟೀವ್ ಡಿಟ್ಕೊ ಅವರು ಈ ಒಂದೇ ಪ್ರಯತ್ನಕ್ಕೆ ಪುಟದ ಮೇಲೆ ಪುಟ ಕೊಡುತ್ತಾರೆ. ಯಂತ್ರ ಕೂದಲೆಳೆಯಷ್ಟು ಮೇಲೇಳುತ್ತಿದ್ದಂತೆ ಚೌಕಟ್ಟುಗಳು ಹಿಗ್ಗುತ್ತಾ ಹೋಗಿ, ಕೊನೆಗೆ ಅವನು ಅದನ್ನು ಎತ್ತಿ ಬಿಸಾಡುವ ಚಿತ್ರ ಇಡೀ ಪುಟವನ್ನು ತುಂಬುತ್ತದೆ. ಕಾಲೇಜಿನ ದಿನಗಳಲ್ಲಿ ಗೆಳೆಯನೊಬ್ಬನ ಕೋಣೆಯಲ್ಲಿ ಇದರ ಮರುಮುದ್ರಣವನ್ನು ಮೊದಲ ಬಾರಿಗೆ ಓದಿದಾಗ, ನಾನು ಉಸಿರು ಬಿಗಿಹಿಡಿದು ಕುಳಿತಿದ್ದೆ ಎಂಬುದು ಪುಟ ತಿರುಗಿಸಿದ ಮೇಲಷ್ಟೇ ನನ್ನ ಗಮನಕ್ಕೆ ಬಂತು. ಅಂದಿನಿಂದ ಇಂದಿನವರೆಗೆ, ಒಬ್ಬ ಸೂಪರ್‌ಹೀರೋ ನಿಜವಾಗಿ ದೊಡ್ಡವನಾಗುವುದು ಯಾವುದರಿಂದ ಎಂದು ಯಾರಾದರೂ ಕೇಳಿದರೆ ನನ್ನ ಮನಸ್ಸು ಮೊದಲು ಹೋಗುವುದು ಆ ಯಂತ್ರದ ಅಡಿಗೆ.

ಚಿಕ್ಕವರಿದ್ದಾಗ ನಮ್ಮ ಬೀದಿಯಲ್ಲಿ ಈ ಪ್ರಶ್ನೆಗೆ ಬೇರೆ ರೂಪವಿತ್ತು. ಶಕ್ತಿಮಾನ್ ಮತ್ತು ಸೂಪರ್‌ಮ್ಯಾನ್ ಕಾದಾಡಿದರೆ ಗೆಲ್ಲುವವರು ಯಾರು ಎಂದು ನಾವು ಗಂಟೆಗಟ್ಟಲೆ ವಾದಿಸುತ್ತಿದ್ದೆವು. ಯಾರು ಎಷ್ಟು ಭಾರ ಎತ್ತಬಲ್ಲರು, ಯಾರ ವೇಗ ಎಷ್ಟು ಎಂಬುದೇ ಆಗ ಅಳತೆಗೋಲು. ಈಗ ಅಕ್ಕನ ಮಗ ತನ್ನ ಗೆಳೆಯರೊಂದಿಗೆ ಹೆಸರುಗಳನ್ನಷ್ಟೇ ಬದಲಿಸಿ ಅದೇ ವಾದ ಮಾಡುತ್ತಾನೆ. ಆ ಆಟದ ಸುಖವನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟೋ ಸಾವಿರ ಪುಟಗಳನ್ನು ಓದಿದ ಮೇಲೆ ನನಗೆ ಉಳಿದಿರುವ ನಂಬಿಕೆ ಇಷ್ಟು: ತನ್ನ ಶಕ್ತಿ ಕೆಲಸಕ್ಕೆ ಬಾರದ ಜಾಗಕ್ಕೆ ಬಂದು ನಿಂತಾಗ ಅವನು ಏನು ಮಾಡುತ್ತಾನೆ ಎಂಬುದರಲ್ಲಿ ಅವನ ದೊಡ್ಡತನ ಇದೆ. ಶಕ್ತಿ ಇರುವವರೆಗೆ ಕಾಣುವುದು ಶಕ್ತಿಯೇ. ಅದು ಮುಗಿದ ಮೇಲೆ ಕಾಣುವವನೇ ಆ ಮನುಷ್ಯ.

ಸ್ಪೈಡರ್‌ಮ್ಯಾನ್‌ನ ಹುಟ್ಟಿನಲ್ಲೇ ಈ ಮಾತಿಗೆ ಆಧಾರವಿದೆ. 1962ರ ಆಗಸ್ಟ್‌ನ ‘ಅಮೇಜಿಂಗ್ ಫ್ಯಾಂಟಸಿ’ಯ 15ನೇ ಸಂಚಿಕೆಯಲ್ಲಿ ಸ್ಟ್ಯಾನ್ ಲೀ ಮತ್ತು ಸ್ಟೀವ್ ಡಿಟ್ಕೊ ಅವರು ಪೀಟರ್ ಪಾರ್ಕರ್ ಎಂಬ ತಬ್ಬಲಿ ಹುಡುಗನನ್ನು ನಮ್ಮ ಮುಂದೆ ತಂದರು. ಜೇಡ ಕಚ್ಚಿ ಶಕ್ತಿ ಬಂದ ಮೇಲೆ ಅವನು ಮೊದಲು ಮಾಡಿದ್ದು ಲೋಕರಕ್ಷಣೆಯನ್ನಲ್ಲ. ಕುಸ್ತಿ ಅಖಾಡದಲ್ಲೂ ಟಿ.ವಿ. ಪರದೆಯ ಮೇಲೂ ಪ್ರದರ್ಶನ ಕೊಟ್ಟು ಹಣ ಮಾಡಹೊರಟ. ತನ್ನ ಪಕ್ಕದಲ್ಲೇ ಓಡಿಹೋದ ಕಳ್ಳನನ್ನು, ಹಿಡಿಯಲು ಕಾಲು ಅಡ್ಡ ಕೊಟ್ಟಿದ್ದರೂ ಸಾಕಿತ್ತು, ಆದರೂ ಹೋಗಲು ಬಿಟ್ಟ. ಕೆಲವೇ ದಿನಗಳಲ್ಲಿ ಅದೇ ಕಳ್ಳ ಅವನ ದೊಡ್ಡಪ್ಪ ಬೆನ್‌ನನ್ನು ಕೊಂದ. ದೊಡ್ಡ ಶಕ್ತಿಯ ಜೊತೆಗೆ ದೊಡ್ಡ ಹೊಣೆಯೂ ಬರಬೇಕು ಎಂಬ ಪ್ರಸಿದ್ಧ ಮಾತು ಬೆನ್ ಹೇಳಿದ್ದೆಂದು ಇಂದು ಎಲ್ಲರೂ ನಂಬಿದ್ದಾರೆ. ಆ ಮೊದಲ ಕಥೆಯಲ್ಲಿ ಅದು ಯಾರ ಬಾಯಿಂದಲೂ ಬರುವುದಿಲ್ಲ. ಕೊನೆಯ ಚೌಕಟ್ಟಿನಲ್ಲಿ ಹುಡುಗ ಕತ್ತಲಿನಲ್ಲಿ ಒಬ್ಬನೇ ನಡೆದು ಹೋಗುತ್ತಿರುವಾಗ, ನಿರೂಪಕನ ಸಾಲಾಗಿ ಅದು ಮೇಲೆ ಮೂಡಿದೆ. ಈ ವ್ಯತ್ಯಾಸ ನನಗೆ ಬಹಳ ಮುಖ್ಯವೆನಿಸುತ್ತದೆ. ಹಿರಿಯರು ಹೇಳಿಕೊಟ್ಟ ನೀತಿಯನ್ನು ಪಾಲಿಸುವ ಒಳ್ಳೆಯ ಹುಡುಗ ಬೇರೆ. ಯಾರೂ ಹೇಳಿಕೊಡದೆ, ತಡವಾಗಿ, ಸರಿಪಡಿಸಲಾಗದ ಒಂದು ತಪ್ಪಿನಿಂದ ಅದನ್ನು ಕಂಡುಕೊಂಡು ಬದುಕಿಡೀ ಹೊತ್ತು ನಡೆಯುವ ಹುಡುಗ ಬೇರೆ.

ಆ ತಪ್ಪಿನಲ್ಲಿ ಶಕ್ತಿಯಿತ್ತು, ಮನಸ್ಸಿರಲಿಲ್ಲ. ಹನ್ನೊಂದು ವರ್ಷಗಳ ನಂತರ ಮನಸ್ಸೂ ಇತ್ತು, ಶಕ್ತಿಯೂ ಇತ್ತು, ಆದರೂ ಸಾಕಾಗಲಿಲ್ಲ. 1973ರ ಜೂನ್‌ನ ‘ದಿ ಅಮೇಜಿಂಗ್ ಸ್ಪೈಡರ್‌ಮ್ಯಾನ್’ 121ನೇ ಸಂಚಿಕೆಯಲ್ಲಿ ಗ್ರೀನ್ ಗಾಬ್ಲಿನ್ ಎಂಬ ಖಳ ಪೀಟರ್‌ನ ಪ್ರೇಯಸಿ ಗ್ವೆನ್ ಸ್ಟೇಸಿಯನ್ನು ಸೇತುವೆಯ ಮೇಲಿನಿಂದ ಕೆಡವುತ್ತಾನೆ. ಸ್ಪೈಡರ್‌ಮ್ಯಾನ್ ಬಲೆ ಎಸೆದು ಅವಳ ಕಾಲನ್ನು ಹಿಡಿದೇ ಹಿಡಿಯುತ್ತಾನೆ. ಗೆದ್ದೆನೆಂಬ ಸಂತೋಷದಲ್ಲಿ ತನ್ನ ಚಾತುರ್ಯವನ್ನು ತಾನೇ ಹೊಗಳಿಕೊಳ್ಳುತ್ತಾ ಅವಳನ್ನು ಮೇಲಕ್ಕೆಳೆದುಕೊಳ್ಳುತ್ತಾನೆ. ಅಷ್ಟರಲ್ಲಿ ಅವಳು ಸತ್ತಿರುತ್ತಾಳೆ. ಬೀಳುತ್ತಿದ್ದವಳು ತಟ್ಟನೆ ನಿಂತ ಆ ಚಿತ್ರದಲ್ಲಿ, ಅವಳ ಕುತ್ತಿಗೆಯ ಬಳಿ, ಏನೋ ಲಟ್ಟನೆ ಮುರಿದ ಸದ್ದನ್ನು ಸೂಚಿಸುವ ಒಂದು ಚಿಕ್ಕ ಪದವಿದೆ. ಎಷ್ಟು ಚಿಕ್ಕದೆಂದರೆ, ಮೊದಲ ಓದಿನಲ್ಲಿ ನಾನು ಅದನ್ನು ಗಮನಿಸಿಯೇ ಇರಲಿಲ್ಲ. ಅಷ್ಟು ವರ್ಷ ಎಷ್ಟೋ ಜನರನ್ನು ಉಳಿಸಿದ್ದ ಬಲೆ ಅವನಿಗೆ ಬೇಕಾಗಿದ್ದವಳನ್ನು ಉಳಿಸಲಿಲ್ಲ. ಇಂಥ ಕಥೆಯನ್ನು ಮಕ್ಕಳ ಕೈಗೆ ಕೊಡುವ ಧೈರ್ಯ ಮಾಡಿದ ಬರಹಗಾರ ಗೆರಿ ಕಾನ್ವೇ ಆಗ ಇಪ್ಪತ್ತರ ಹರೆಯದವರು.

ಇದನ್ನೆಲ್ಲ ಯೋಚಿಸುವಾಗ ಪಂಪ ನೆನಪಾಗುತ್ತಾನೆ. ತನಗೆ ಆಶ್ರಯ ಕೊಟ್ಟ ಅರಿಕೇಸರಿಯನ್ನು ಅರ್ಜುನನೊಂದಿಗೆ ಸಮೀಕರಿಸಿ ಕಾವ್ಯ ಬರೆದ ಕವಿ, ಭಾರತದಲ್ಲಿ ಒಬ್ಬನನ್ನೇ ನೆನೆಯುವುದಾದರೆ ಕರ್ಣನನ್ನು ನೆನೆ ಎಂದ. ಗೆದ್ದವನ ಕಥೆ ಹೇಳಲು ಕುಳಿತವನಿಗೂ ಕೊನೆಗೆ ಮನಸ್ಸು ತುಂಬಿದವನು, ರಥದ ಗಾಲಿ ಹೂತು, ಕಲಿತ ವಿದ್ಯೆ ಕೈಕೊಟ್ಟು ನಿಂತವನು. ಸೂಪರ್‌ಹೀರೋ ಎಂಬ ಪದ ಹೊರಗಿನಿಂದ ಬಂದಿರಬಹುದು. ಈ ಅರಿವು ಕನ್ನಡದ ಓದುಗರಿಗೆ ಸಾವಿರ ವರ್ಷಗಳಿಂದ ಪರಿಚಿತವಾದದ್ದೇ.

ಹಾಗಾದರೆ ಶಕ್ತಿಗೆ ಕೊನೆಯೇ ಇಲ್ಲದ ಸೂಪರ್‌ಮ್ಯಾನ್‌ನನ್ನು ಏನು ಮಾಡುವುದು? ನನ್ನ ವಾದಕ್ಕೆ ಕಷ್ಟದ ಪರೀಕ್ಷೆ ಅವನೇ. 1938ರಲ್ಲಿ ‘ಆ್ಯಕ್ಷನ್ ಕಾಮಿಕ್ಸ್’ನ ಮೊದಲ ಸಂಚಿಕೆಯಲ್ಲಿ ಕಾಣಿಸಿಕೊಂಡಾಗ ಅವನು ಹಾರುತ್ತಿರಲಿಲ್ಲ, ಒಂದು ನೆಗೆತಕ್ಕೆ ಮೈಲಿಯ ಎಂಟನೆಯ ಒಂದು ಭಾಗ ದಾಟುತ್ತಿದ್ದ, ಅಂದರೆ ಸುಮಾರು 200 ಮೀಟರ್. ಸಿಡಿಯುವ ಫಿರಂಗಿ ಗುಂಡಿಗಿಂತ ಕಡಿಮೆಯದು ಯಾವುದೂ ಅವನ ಚರ್ಮವನ್ನು ಸೀಳಲಾರದು ಎಂದಷ್ಟೇ ಆಗ ಬರೆದಿದ್ದರು. ಆ ಸಂಚಿಕೆಯಲ್ಲಿ ಅವನು ಮಾಡುವ ಕೆಲಸಗಳೂ ಈ ನೆಲದವೇ: ಮರಣದಂಡನೆಗೆ ಗುರಿಯಾಗಿದ್ದ ನಿರಪರಾಧಿ ಹೆಂಗಸನ್ನು ಉಳಿಸುತ್ತಾನೆ, ಹೆಂಡತಿಯನ್ನು ಹೊಡೆಯುತ್ತಿದ್ದವನನ್ನು ತಡೆಯುತ್ತಾನೆ. ವರ್ಷಗಳು ಉರುಳಿದಂತೆ ಅವನಿಗೆ ಹಾರಾಟ ಬಂತು, ಗೋಡೆಯಾಚೆ ನೋಡುವ ಕಣ್ಣು ಬಂತು, ಮುಂದೆ ಗ್ರಹಗಳನ್ನೇ ಸರಿಸುವ ಬಲವೂ ಬಂತು. ಆಗ ಅವನನ್ನು ಕಟ್ಟಿಹಾಕಲು ಕ್ರಿಪ್ಟೊನೈಟ್ ಎಂಬ ಕಲ್ಲು ಬೇಕಾಯಿತು. 1943ರಲ್ಲಿ ರೇಡಿಯೊ ಧಾರಾವಾಹಿಯಲ್ಲಿ ಮೊದಲು ಕೇಳಿಬಂದ ಆ ಕಲ್ಲು 1949ರಲ್ಲಿ ಕಾಮಿಕ್ಸ್‌ಗೂ ಬಂತು. ನನಗೆ ಅದು ಬಡ ಉಪಾಯವೆನಿಸುತ್ತದೆ. ಹಸಿರು ಕಲ್ಲು ತಂದಿಟ್ಟರೆ ಅವನು ಕುಸಿಯುತ್ತಾನೆ, ತೆಗೆದರೆ ಏಳುತ್ತಾನೆ. ಅದರಿಂದ ಅವನ ವಿಷಯ ನಮಗೆ ಹೊಸದಾಗಿ ಏನೂ ತಿಳಿಯುವುದಿಲ್ಲ.

ನಿಜವಾದ ಮಿತಿ ಬೇರೆ ಕಡೆ ಇದೆ. ಕ್ರಿಸ್ಟೊಫರ್ ರೀವ್ ನಟಿಸಿದ 1978ರ ಚಿತ್ರದಲ್ಲಿ ಸಾಕುತಂದೆ ಜೊನಾಥನ್ ಕೆಂಟ್ ಹೊಲದ ಮನೆಯ ಅಂಗಳದಲ್ಲಿ ಎದೆ ಹಿಡಿದುಕೊಂಡು ಕುಸಿಯುತ್ತಾನೆ. ರೈಲನ್ನು ಮೀರಿ ಓಡಬಲ್ಲ ಹುಡುಗ, ಇಷ್ಟೆಲ್ಲ ಶಕ್ತಿಯಿದ್ದೂ ಅಪ್ಪನನ್ನು ಉಳಿಸಿಕೊಳ್ಳಲು ತನ್ನಿಂದ ಆಗಲಿಲ್ಲವಲ್ಲ ಎಂದು ಗೋರಿಯ ಬಳಿ ನಿಂತು ಹೇಳುತ್ತಾನೆ. ಸೂಪರ್‌ಮ್ಯಾನ್‌ನನ್ನು ಸೃಷ್ಟಿಸಿದ ಇಬ್ಬರಲ್ಲಿ ಒಬ್ಬರಾದ ಜೆರ್ರಿ ಸೀಗಲ್ ಅವರ ತಂದೆ 1932ರಲ್ಲಿ, ಕ್ಲೀವ್‌ಲ್ಯಾಂಡ್‌ನ ತಮ್ಮ ಬಟ್ಟೆ ಅಂಗಡಿಯಲ್ಲಿ ಕಳ್ಳತನ ನಡೆದ ಹೊತ್ತಿನಲ್ಲೇ ತೀರಿಕೊಂಡಿದ್ದರು. ಮಗನಿಗೆ ಆಗ 17 ವರ್ಷ. ಆ ಸಾವಿನಿಂದಲೇ ಸೂಪರ್‌ಮ್ಯಾನ್ ಹುಟ್ಟಿದ ಎಂದು ನಾನು ಹೇಳಲಾರೆ. ಆದರೆ ಗುಂಡು ತಾಗದ ಮೈಯ ಕನಸನ್ನು ಮೊದಲು ಕಂಡವರಲ್ಲಿ ಒಬ್ಬರು ಅಂಗಡಿಯಲ್ಲಿ ಅಪ್ಪನನ್ನು ಕಳೆದುಕೊಂಡ ಹುಡುಗ ಎಂಬುದನ್ನು ತಿಳಿದ ಮೇಲೆ, ಆ ಗೋರಿಯ ದೃಶ್ಯವನ್ನು ನಾನು ಹಿಂದಿನಂತೆ ನೋಡಲಾರೆನಾದೆ.

ಖಳನಾಯಕ ದೊಡ್ಡವನಾದರೆ ನಾಯಕನೂ ದೊಡ್ಡವನಾಗುತ್ತಾನೆ ಎಂದು ಹಲವರು ಹೇಳುತ್ತಾರೆ, ಬ್ಯಾಟ್‌ಮ್ಯಾನ್‌ನ ಶತ್ರು ಜೋಕರ್‌ನ ಉದಾಹರಣೆ ಕೊಡುತ್ತಾರೆ. ಒಳ್ಳೆಯ ಖಳನಿಂದ ಕಥೆ ಬಿಗಿಯಾಗುತ್ತದೆ, ಅದು ನಿಜ. ಆದರೆ ನಾನು ಅತ್ಯಂತ ಪ್ರೀತಿಸುವ ಮೂರು ಕಥಾಭಾಗಗಳಲ್ಲಿ ಎದುರು ನಿಂತು ಹೊಡೆಯಬೇಕಾದ ಖಳನಿಲ್ಲ.

ಮೊದಲನೆಯದು 1984ರ ಜನವರಿಯ ಸ್ಪೈಡರ್‌ಮ್ಯಾನ್ ಸಂಚಿಕೆಯ ಕೊನೆಯಲ್ಲಿ ಸೇರಿಸಿದ್ದ ಪುಟ್ಟ ಕಥೆ. ತನ್ನ ಬಗೆಗಿನ ಪತ್ರಿಕೆಯ ತುಣುಕುಗಳನ್ನೆಲ್ಲ ಕೂಡಿಟ್ಟುಕೊಂಡಿರುವ ಟಿಮ್ ಹ್ಯಾರಿಸನ್ ಎಂಬ ಹುಡುಗನನ್ನು ನೋಡಲು ಸ್ಪೈಡರ್‌ಮ್ಯಾನ್ ರಾತ್ರಿ ಕಿಟಕಿಯಿಂದ ಬರುತ್ತಾನೆ. ಇಬ್ಬರೂ ಹರಟುತ್ತಾರೆ. ನೀನು ಯಾರೆಂದು ಹುಡುಗ ಕೇಳಿದಾಗ, ಶತ್ರುಗಳಿಂದ ಕಾಪಾಡಿಕೊಳ್ಳುತ್ತಾ ಬಂದ ಮುಖವಾಡವನ್ನು ಅವನು ತಾನಾಗಿಯೇ ತೆಗೆಯುತ್ತಾನೆ, ಆ ಕಳ್ಳನ ಕಥೆಯನ್ನೂ ಮುಚ್ಚುಮರೆಯಿಲ್ಲದೆ ಹೇಳುತ್ತಾನೆ. ಅವನು ಹೊರಟ ಮೇಲೆ, ಕೊನೆಯ ಚೌಕಟ್ಟಿನಲ್ಲಿ, ಅದು ಕ್ಯಾನ್ಸರ್ ಆಸ್ಪತ್ರೆ ಎಂಬುದು ಫಲಕದಿಂದ ನಮಗೆ ತಿಳಿಯುತ್ತದೆ. ಆ ಮಗುವಿಗೆ ರಕ್ತದ ಕ್ಯಾನ್ಸರ್. ಉಳಿದಿರುವುದು ಕೆಲವೇ ವಾರಗಳು.

ಎರಡನೆಯದು 2005ರಲ್ಲಿ ಪ್ರಸಾರವಾದ ಒಂದು ಕಾರ್ಟೂನ್ ಸರಣಿಯದು. ಏಸ್ ಎಂಬ ಹುಡುಗಿಯ ಮನಸ್ಸಿಗೆ ಲೋಕವನ್ನೇ ಅಸ್ತವ್ಯಸ್ತಗೊಳಿಸುವ ಬಲವಿದೆ, ಅದೇ ಅವಳನ್ನು ಕೊಲ್ಲುತ್ತಲೂ ಇದೆ. ಅವಳು ಸಾಯುವಾಗ ಸುತ್ತಲಿನವರೂ ಸಾಯಬಹುದೆಂದು ಹೆದರಿದ ಅಧಿಕಾರಿಗಳು ಬ್ಯಾಟ್‌ಮ್ಯಾನ್‌ನ ಕೈಗೆ ಒಂದು ಆಯುಧ ಕೊಟ್ಟು ಕಳಿಸುತ್ತಾರೆ. ಅವನು ಅದನ್ನು ಬಳಸುವುದಿಲ್ಲ. ಪಕ್ಕದ ಉಯ್ಯಾಲೆಯಲ್ಲಿ ಕುಳಿತು ಅವಳ ಕೈ ಹಿಡಿದುಕೊಳ್ಳುತ್ತಾನೆ, ಉಸಿರು ನಿಲ್ಲುವವರೆಗೂ ಅಲ್ಲೇ ಇರುತ್ತಾನೆ.

ಮೂರನೆಯದು ಗ್ರಾಂಟ್ ಮಾರಿಸನ್ ಮತ್ತು ಫ್ರಾಂಕ್ ಕ್ವೈಟ್ಲಿ ಅವರ ಸೂಪರ್‌ಮ್ಯಾನ್ ಕಥೆಯ ಒಂದೇ ಒಂದು ಪುಟ. ಸೂಪರ್‌ಮ್ಯಾನ್ ತಾನೇ ಸಾಯುತ್ತಿದ್ದಾನೆ, ಮಾಡಿ ಮುಗಿಸಬೇಕಾದ ಮಹಾಕಾರ್ಯಗಳು ಸಾಲುಗಟ್ಟಿ ನಿಂತಿವೆ. ಅದರ ನಡುವೆ, ಎತ್ತರದ ಕಟ್ಟಡದ ಅಂಚಿನಲ್ಲಿ ಜಿಗಿಯಲು ನಿಂತ ಹುಡುಗಿಯೊಬ್ಬಳ ಹಿಂದೆ ಬಂದು ನಿಲ್ಲುತ್ತಾನೆ. ರೆಪ್ಪೆ ಮಿಟುಕಿಸುವಷ್ಟರಲ್ಲಿ ಅವಳನ್ನು ಎತ್ತಿ ಕೆಳಗಿಳಿಸಬಹುದಿತ್ತು. ಅವನು ಮಾತಾಡುತ್ತಾನೆ. ನಿನ್ನ ವೈದ್ಯರು ನಿಜವಾಗಿಯೂ ದಾರಿಯಲ್ಲಿ ಸಿಕ್ಕಿಕೊಂಡಿದ್ದರು, ನಿನ್ನನ್ನು ಮರೆತಿರಲಿಲ್ಲ, ನೀನು ಅಂದುಕೊಂಡಿರುವುದಕ್ಕಿಂತ ಗಟ್ಟಿ ಇದ್ದೀಯ ಎಂದು ಹೇಳಿ ಅಪ್ಪಿಕೊಳ್ಳುತ್ತಾನೆ. ಅವಳನ್ನು ಬೀಳದಂತೆ ತಡೆಯುವುದು ಅವನ ಬಲಕ್ಕೆ ಸಾಧ್ಯವಿತ್ತು, ಅವಳಿಗೆ ಬದುಕಬೇಕೆನ್ನಿಸುವಂತೆ ಮಾಡುವುದು ಆ ಬಲದ ಕೆಲಸವಾಗಿರಲಿಲ್ಲ. ಅವನಿಗೆ ಆ ವ್ಯತ್ಯಾಸ ಗೊತ್ತಿತ್ತು.

ಮೂರು ಬೇರೆ ಬೇರೆ ತಂಡಗಳು, ಇಪ್ಪತ್ತು ವರ್ಷಕ್ಕೂ ಹೆಚ್ಚಿನ ಅಂತರದಲ್ಲಿ, ತಮ್ಮ ನಾಯಕನ ಉತ್ತಮಿಕೆಯನ್ನು ತೋರಿಸಲು ಹೊರಟಾಗ ಅವನನ್ನು ಒಂದು ಮಗುವಿನ ಅಥವಾ ಎಳೆಯ ಹುಡುಗಿಯ ಪಕ್ಕದಲ್ಲಿ ಬರಿಗೈಯಲ್ಲಿ ನಿಲ್ಲಿಸಿದವು. ಇದು ಆಕಸ್ಮಿಕವೆಂದು ನನಗೆ ಅನ್ನಿಸುವುದಿಲ್ಲ. ಹಾಗೆಂದು ಶಕ್ತಿ ಬೇಡವೆಂದಲ್ಲ. ಟಿಮ್‌ನ ಹಾಸಿಗೆಯ ಪಕ್ಕ ನೆರೆಮನೆಯ ಒಬ್ಬ ಒಳ್ಳೆಯವರು ಕುಳಿತಿದ್ದರೆ ಅದು ಕರುಣೆಯ ಕಥೆಯಾಗುತ್ತಿತ್ತು, ಇಷ್ಟು ನೋಯುತ್ತಿರಲಿಲ್ಲ. ಕಾರುಗಳನ್ನು ಎತ್ತಿ ಎಸೆದ ಕೈಗಳು ಅಲ್ಲಿ ಸುಮ್ಮನೆ ಮಡಿಲಲ್ಲಿ ಇರುವುದರಿಂದಲೇ ಗಂಟಲು ಕಟ್ಟುತ್ತದೆ.

ಈಚಿನ ದೊಡ್ಡ ಚಿತ್ರಗಳ ಬಗ್ಗೆ ನನಗಿರುವ ನೋವು ಇದೇ. ಅಪಾಯ ಊರಿನಿಂದ ದೇಶಕ್ಕೆ, ದೇಶದಿಂದ ಲೋಕಕ್ಕೆ, ಲೋಕದಿಂದ ಬ್ರಹ್ಮಾಂಡಕ್ಕೆ ಬೆಳೆಯುತ್ತಲೇ ಹೋಯಿತು. 2018ರ ‘ಅವೆಂಜರ್ಸ್’ ಚಿತ್ರದಲ್ಲಿ ಖಳನ ಒಂದು ಚಿಟಿಕೆಗೆ ಬ್ರಹ್ಮಾಂಡದ ಅರ್ಧ ಜೀವಿಗಳು ಧೂಳಾದರು. ಮರುವರ್ಷ ಮತ್ತೊಂದು ಚಿಟಿಕೆಗೆ ಎದ್ದು ಬಂದರು. ಆ ಅಳತೆಯಲ್ಲಿ ಒಬ್ಬ ಗ್ವೆನ್‌ಳ ಕುತ್ತಿಗೆಯ ಬಳಿಯ ಪುಟ್ಟ ಪದಕ್ಕೆ ಎಲ್ಲಿದೆ ಜಾಗ?

ಆದರೂ ಆ ಜಾಗ ಪೂರ್ತಿ ಮುಚ್ಚಿಹೋಗಿಲ್ಲ. 2021ರ ಸ್ಪೈಡರ್‌ಮ್ಯಾನ್ ಚಿತ್ರವನ್ನು ಅಕ್ಕನ ಮಗನ ಜೊತೆ ಚಿತ್ರಮಂದಿರದಲ್ಲಿ ನೋಡಿದೆ. ಮೂವರು ಸ್ಪೈಡರ್‌ಮ್ಯಾನ್‌ಗಳು ಒಟ್ಟಿಗೆ ಬಂದಾಗ ಎದ್ದ ಶಿಳ್ಳೆಗಳಿಗೆ ಪರದೆಯ ಮಾತೇ ಕೇಳಿಸಲಿಲ್ಲ. ಕೊನೆಯಲ್ಲಿ, ಮಂತ್ರವೊಂದರಿಂದಾಗಿ, ಲೋಕವೆಲ್ಲ ಪೀಟರ್‌ನನ್ನು ಮರೆತಿದೆ. ತಾನು ಪ್ರೀತಿಸಿದ ಹುಡುಗಿ ಕೆಲಸ ಮಾಡುವ ಕಾಫಿ ಅಂಗಡಿಗೆ, ಹೇಳಬೇಕಾದದ್ದನ್ನೆಲ್ಲ ಒಂದು ಚೀಟಿಯಲ್ಲಿ ಬರೆದುಕೊಂಡು ಅವನು ಬರುತ್ತಾನೆ. ಅವಳ ಹಣೆಯ ಮೇಲೆ, ತನ್ನ ಕಾಳಗದಲ್ಲಿ ಆದ ಗಾಯಕ್ಕೆ ಹಚ್ಚಿದ ಪಟ್ಟಿಯನ್ನು ನೋಡುತ್ತಾನೆ. ಚೀಟಿ ಜೇಬಿನಲ್ಲೇ ಉಳಿಯುತ್ತದೆ, ಕಾಫಿ ತೆಗೆದುಕೊಂಡು ಹೊರಡುತ್ತಾನೆ. ಚಿತ್ರಮಂದಿರ ಆಗ ಪೂರ್ತಿ ಮೌನವಾಗಿತ್ತು. “ಮಾಮಾ, ಅವನು ಯಾಕೆ ಹೇಳಲಿಲ್ಲ?” ಎಂದು ಹುಡುಗ ನನ್ನ ತೋಳು ಹಿಡಿದು ಪಿಸುಗುಟ್ಟಿದ. ಮನೆಗೆ ಬರುವ ದಾರಿಯುದ್ದಕ್ಕೂ ಅವನು ಅದನ್ನೇ ಕೇಳುತ್ತಿದ್ದ. ಮೂವರಲ್ಲಿ ಯಾರು ಹೆಚ್ಚು ಬಲಶಾಲಿ ಎಂದು ಅವತ್ತು ಒಮ್ಮೆಯೂ ಕೇಳಲಿಲ್ಲ.