ಕೌಂಟಿ ಹೋದರೂ ಕಡತ ಉಳಿಯಿತು

ಇಂಗ್ಲೆಂಡಿನ ಪ್ರತಿಯೊಂದು ಕೌಂಟಿಯ, ಅಂದರೆ ನಮ್ಮ ಜಿಲ್ಲೆಯಂಥ ವಿಭಾಗದ, ಇತಿಹಾಸವನ್ನು ಒಂದೂರನ್ನೂ ಬಿಡದೆ ಬರೆದು ಮುಗಿಸುವುದಾಗಿ ಲಂಡನ್ನಿನ ಕೆಲವು ಮಹನೀಯರು 1899ರಲ್ಲಿ ಸಂಕಲ್ಪ ಮಾಡಿದರು. 'ವಿಕ್ಟೋರಿಯಾ ಕೌಂಟಿ ಹಿಸ್ಟರಿ' ಎಂಬ ಆ ಯೋಜನೆ ಇಂದಿಗೂ ಸುಸೂತ್ರವಾಗಿ ನಡೆಯುತ್ತಿದೆ, ಅಂದರೆ ಇನ್ನೂ ಮುಗಿದಿಲ್ಲ. ಆರಂಭದ ಅಂದಾಜು 160 ಸಂಪುಟ; ಈವರೆಗೆ ಅಚ್ಚಾಗಿರುವುದು 230ಕ್ಕೂ ಹೆಚ್ಚು; ಆದರೂ ಅರ್ಧಕ್ಕಿಂತ ಹೆಚ್ಚು ಕೌಂಟಿಗಳ ಕೆಲಸ ಬಾಕಿ ಉಳಿದಿದೆ. ಅಂದಾಜು ಪಟ್ಟಿಯನ್ನು ದಾಟಿದ ಮೇಲೂ ಆಚೆ ದಡ ಮುಟ್ಟದ ಸೇತುವೆಗಳನ್ನು ಕಂಡು ಬೆಳೆದವರಾದ ನಾವು ಇದನ್ನು ಸಹಾನುಭೂತಿಯಿಂದಲೇ ನೋಡಬೇಕು.

ಕೂಸು ಹುಟ್ಟುವ ಮುನ್ನ ಕುಲಾವಿ ಹೊಲಿಸುವಂತೆ ಇಡೀ ಮಾಲಿಕೆಯನ್ನು ಮೊದಲೇ ವಿಕ್ಟೋರಿಯಾ ರಾಣಿಗೆ ಅರ್ಪಿಸಲಾಗಿತ್ತು. ಹ್ಯಾಂಪ್‌ಷೈರಿನ ಮೊದಲ ಸಂಪುಟ 1900ರಲ್ಲಿ ಹೊರಬಂತು. 1901ರ ಜನವರಿಯಲ್ಲಿ ರಾಣಿ ತೀರಿಕೊಂಡರು. 2012ರಲ್ಲಿ, ಎರಡನೆಯ ಎಲಿಜಬೆತ್ ರಾಣಿಯ ವಜ್ರಮಹೋತ್ಸವದ ಸಂದರ್ಭದಲ್ಲಿ, ಮಾಲಿಕೆಯನ್ನು ಅವರಿಗೆ ಮರು ಅರ್ಪಿಸಲಾಯಿತು. ಇಡೀ ಯೋಜನೆಯಲ್ಲಿ ಹೇಳಿದ ದಿನಕ್ಕೆ ಸರಿಯಾಗಿ ನಡೆದ ಕೆಲಸ ಬಹುಶಃ ಇದೊಂದೇ.

ಇದೇ ದೇಶದಲ್ಲಿ ಇಂಥದೇ ಕೆಲಸ ಹಿಂದೊಮ್ಮೆ ನಡೆದಿತ್ತು. 1085ರ ಕ್ರಿಸ್ಮಸ್ಸಿನಲ್ಲಿ ವಿಲಿಯಂ ದೊರೆ ತನ್ನ ರಾಜ್ಯದ ನೆಲ, ನೇಗಿಲು, ಗಿರಣಿ, ಹಂದಿಗಳನ್ನೆಲ್ಲ ಲೆಕ್ಕ ಹಾಕಿಸಲು ಅಪ್ಪಣೆ ಕೊಡಿಸಿದ. 1086ರಲ್ಲಿ ಸಮೀಕ್ಷೆ ನಡೆದುಹೋಯಿತು. ರೈಲಿಲ್ಲ, ಬೆರಳಚ್ಚು ಯಂತ್ರವಿಲ್ಲ, ಸಂಪಾದಕ ಮಂಡಳಿಯಂತೂ ಇಲ್ಲವೇ ಇಲ್ಲ. 'ಡೂಮ್ಸ್‌ಡೇ' ಎಂಬ ಆ ದಫ್ತರದಲ್ಲಿ ನಾರ್ಥಂಬರ್ಲೆಂಡ್ ಸೇರಿರಲಿಲ್ಲ. ಎಂಟು ಶತಮಾನಗಳ ನಂತರದ ನಮ್ಮ ಮಹನೀಯರೂ ನಾರ್ಥಂಬರ್ಲೆಂಡನ್ನು ಕೈಬಿಟ್ಟರು, ಏಕೆಂದರೆ ಅಲ್ಲಿಯ ಸ್ಥಳೀಯ ಸಮಿತಿಯೊಂದು ತನ್ನ ಕೌಂಟಿಯ ಇತಿಹಾಸವನ್ನು ಆಗಲೇ ಬರೆಯತೊಡಗಿತ್ತು. 1893ರಲ್ಲಿ ಮೊದಲ ಸಂಪುಟ ತಂದ ಆ ಸಮಿತಿ 1940ರಲ್ಲಿ ಹದಿನೈದನೆಯದನ್ನು ತಂದು, ಕೆಲಸ ಮುಗಿಯಿತೆಂದು ಹೇಳಿ ಎದ್ದುಹೋಯಿತು. ಇಷ್ಟು ಬೇಜವಾಬ್ದಾರಿಯಿಂದ ಮುಗಿಸಿಬಿಡುವವರನ್ನು ರಾಷ್ಟ್ರೀಯ ಯೋಜನೆಗೆ ಸೇರಿಸಿಕೊಳ್ಳದಿದ್ದದ್ದು ದೂರದೃಷ್ಟಿಯೇ ಸರಿ. ಪರರ ನೆಲದ ವಿಷಯದಲ್ಲಿ ಬ್ರಿಟಿಷರಿಗೆ ಈ ಕಷ್ಟವಿರಲಿಲ್ಲವೆಂಬುದನ್ನೂ ಗಮನಿಸಬೇಕು: ಬಿ. ಎಲ್. ರೈಸ್ ಅವರು ಸಿದ್ಧಪಡಿಸಿದ ಮೈಸೂರು ಗೆಜೆಟಿಯರ್, ಪರಿಷ್ಕೃತಗೊಂಡು, 1897ರಲ್ಲಿ ಎರಡೇ ಸಂಪುಟಗಳಲ್ಲಿ ಬಂದಿತ್ತು.

ಇನ್ನು ಸಂಪುಟಗಳ ಒಳಗೇನಿದೆ ಎಂಬ ವಿಚಾರ. ಕೆಂಪು ರಟ್ಟಿನ ಆ ಭಾರೀ ಪುಸ್ತಕಗಳ ಹಳೆಯ ಕಂತುಗಳಲ್ಲಿ ಇತಿಹಾಸ ಶುರುವಾಗುವುದು ಶಿಲೆ ಮತ್ತು ಪಳೆಯುಳಿಕೆಗಳಿಂದ. ಆಮೇಲೆ ಗಿಡಗಳು, ಬಸವನಹುಳುಗಳು, ಜೀರುಂಡೆಗಳು, ಜೇಡಗಳು, ಏಡಿಯ ಜಾತಿಯವು, ಮೀನು, ಹಕ್ಕಿ, ಎಲ್ಲವೂ ತಮ್ಮ ಲ್ಯಾಟಿನ್ ಹೆಸರುಗಳೊಡನೆ ಸಾಲಾಗಿ ಬಂದು ಹಾಜರಿ ಹಾಕುತ್ತವೆ. ಮುಂದೆ ನರಿಬೇಟೆಗೂ ಜಾಗ ಉಂಟು. ಇಷ್ಟಾದ ಮೇಲೆ ಊರಿನ ಸರದಿ. ಊರಿನ ಅಧ್ಯಾಯ ತೆರೆದರೆ 1086ರಲ್ಲಿ ಜಹಗೀರು ಯಾರ ಕೈಯಲ್ಲಿತ್ತು, ಯಾವ ಮಗಳ ಮದುವೆಯಲ್ಲಿ ಅದು ಯಾವ ಮನೆತನಕ್ಕೆ ಹೋಯಿತು, ರಾಜದ್ರೋಹದ ನೆಪದಲ್ಲಿ ಯಾವ ದೊರೆ ಅದನ್ನು ಕಸಿದುಕೊಂಡ, ಚರ್ಚಿನ ಪೂರ್ವದ ಕಿಟಕಿಯ ಕಮಾನು ಯಾವ ಶತಮಾನದ್ದು, ಪಾದ್ರಿಯನ್ನು ನೇಮಿಸುವ ಹಕ್ಕು ಯಾರದು ಎಂಬುದೆಲ್ಲ ಅಡಿಟಿಪ್ಪಣಿ ಸಮೇತ ಸಿಗುತ್ತದೆ. ಆ ಜಹಗೀರಿನ ಹೊಲ ಉತ್ತವನ ಸುದ್ದಿಗಾಗಿ ಕೊನೆಯ ಪುಟದವರೆಗೆ ಕಾಯಬೇಕು. ಅಲ್ಲಿ, ಬಡವರಿಗೆ ಬಿಟ್ಟ ದತ್ತಿಗಳ ಪಟ್ಟಿಯಲ್ಲಿ, ಆತ ರೊಟ್ಟಿ ಇಸಿದುಕೊಳ್ಳುತ್ತ ಕಾಣಿಸಿಕೊಂಡರೆ ಪುಣ್ಯ. ಎರಡನೆಯ ಮಹಾಯುದ್ಧದ ನಂತರದ ಸಂಪುಟಗಳು ಅವನನ್ನೂ ಮಾತಾಡಿಸಿವೆ ಎಂದು ನ್ಯಾಯವಾಗಿ ಹೇಳಬೇಕು. ಆದರೆ ಸರದಿಯಲ್ಲಿ ಜೇಡ ಅವನಿಗಿಂತ ಮುಂದಿತ್ತೆಂಬುದೂ ದಾಖಲೆಯಲ್ಲಿದೆ.

ಈ ಜಹಗೀರುಗಳ ಬೆನ್ನು ಹತ್ತಿ ಲಂಡನ್ನಿನ ಸರ್ಕಾರಿ ದಫ್ತರಖಾನೆಯಲ್ಲಿ ಕುಳಿತು, ಲ್ಯಾಟಿನ್ ಸುರುಳಿಗಳನ್ನು ಓದಿ ಚೀಟಿ ಚೀಟಿಯಾಗಿ ಬರೆದಿಟ್ಟವರಲ್ಲಿ ಹಲವರು ಓದಿದ ತರುಣಿಯರು. ಆ ಕಾಲಕ್ಕೆ ಆಕ್ಸ್‌ಫರ್ಡ್ ಮತ್ತು ಕೇಂಬ್ರಿಜ್ ಹೆಂಗಸರ ಪರೀಕ್ಷೆ ತೆಗೆದುಕೊಳ್ಳುತ್ತಿದ್ದವೇ ಹೊರತು ಪದವಿ ಕೊಡುತ್ತಿರಲಿಲ್ಲ. ಆಕ್ಸ್‌ಫರ್ಡಿಗೆ 1920ರಲ್ಲಿ ಬುದ್ಧಿ ಬಂತು, ಕೇಂಬ್ರಿಜ್ಜಿಗೆ 1948ರಲ್ಲಿ. ಹನ್ನೆರಡನೆಯ ಶತಮಾನದ ಒಡೆಯನ ಹಕ್ಕುಪತ್ರವನ್ನು ಪರಿಶೀಲಿಸಿ ಸರಿಯೋ ತಪ್ಪೋ ಹೇಳಬಲ್ಲವರಿಗೆ ತಮ್ಮದೇ ಪದವಿಪತ್ರದ ಹಕ್ಕು ಇರಲಿಲ್ಲ.

ಇತಿಹಾಸಕಾರರು ಹೀಗೆ ನಿಧಾನವಾಗಿ ಬರೆಯುತ್ತಿದ್ದರೆ ಸರ್ಕಾರ ಸುಮ್ಮನೆ ಕೂರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಮಿಡ್ಲ್‌ಸೆಕ್ಸ್ ಕೌಂಟಿಯ ಎರಡನೆಯ ಸಂಪುಟ 1911ರಲ್ಲಿ ಬಂತು, ಮೂರನೆಯದು 1962ರಲ್ಲಿ. ಒಂದನೆಯದು ಸಿದ್ಧವಾಗುವಷ್ಟರಲ್ಲಿ, 1965ರ ಏಪ್ರಿಲ್ 1ರಂದು, ಲಂಡನ್ನಿನ ಹೊಸ ಆಡಳಿತ ವ್ಯವಸ್ಥೆ ಜಾರಿಗೆ ಬಂದು ಆ ಕೌಂಟಿಯ ಆಡಳಿತವನ್ನೇ ಇಲ್ಲವಾಗಿಸಿತು. ಒಂದನೆಯ ಸಂಪುಟ 1969ರಲ್ಲಿ ಧೈರ್ಯವಾಗಿ ಹೊರಬಂತು. ಪುಟಾಣಿ ರಟ್ಲೆಂಡಿನದು ಇನ್ನೊಂದು ಕಥೆ: ಅಲ್ಲಿಯ ಇತಿಹಾಸ ಅಪರೂಪಕ್ಕೆಂಬಂತೆ 1930ರ ದಶಕದಲ್ಲೇ ಮುಗಿದಿತ್ತು. 1974ರ ಏಪ್ರಿಲ್ 1ರಂದು ರಟ್ಲೆಂಡನ್ನು ಪಕ್ಕದ ಲೆಸ್ಟರ್‌ಷೈರಿಗೆ ಸೇರಿಸಲಾಯಿತು. 1997ರ ಏಪ್ರಿಲ್ 1ರಂದು ಮತ್ತೆ ಬೇರ್ಪಡಿಸಿ ಕೊಡಲಾಯಿತು. ಮೂರೂ ಸಲ ಅದೇ ತಾರೀಖನ್ನು ಆರಿಸಿದ್ದು ಆರ್ಥಿಕ ವರ್ಷದ ಅನುಕೂಲಕ್ಕಾಗಿಯೇ ಇರಬೇಕು. ಬೇರೆ ಅರ್ಥ ಹಚ್ಚುವುದು ಸಭ್ಯತೆಯಲ್ಲ.

ಕೌಂಟಿಗಳು ಹೀಗೆ ಹೋಗಿ ಬರುತ್ತಿದ್ದರೂ ಕಡತಗಳಿಗೆ ಮಾತ್ರ ಏನೂ ಆಗಿಲ್ಲ. 1933ರಿಂದ ಯೋಜನೆಯ ಹೊಣೆ ಹೊತ್ತಿರುವ ಲಂಡನ್ ವಿಶ್ವವಿದ್ಯಾಲಯದ ಐತಿಹಾಸಿಕ ಸಂಶೋಧನಾ ಸಂಸ್ಥೆಯಲ್ಲಿ ಯೋಜನೆಯದೇ ಪತ್ರಾಗಾರವಿದೆ. ಕೌಂಟಿಯ ದಾಖಲೆ ಓದಿ ಚೀಟಿ ಬರೆದರು. ಚೀಟಿ ನೋಡಿ ಕರಡು ಬರೆದರು. ಕರಡಿನ ಬಗ್ಗೆ ಪತ್ರ ಬರೆದರು. ಈಗ ಆ ಚೀಟಿ, ಕರಡು, ಪತ್ರಗಳೇ ದಾಖಲೆಗಳಾಗಿ, ಅವನ್ನೋದಲು ಬಂದವರು ಅವುಗಳ ಮೇಲೆ ಚೀಟಿ ಬರೆಯುತ್ತಿದ್ದಾರೆ. ಯೋಜನೆಯ ಸ್ವಂತ ಇತಿಹಾಸ ಪುಸ್ತಕವಾಗಿ ಎಂದೋ ಪ್ರಕಟವಾಗಿದೆ. ಅದಕ್ಕೆ ಒಂದೇ ಸಂಪುಟ ಸಾಕಾಯಿತು.

ಕಾರ್ನ್‌ವಾಲಿನ ಓದುಗರು ಎದೆಗುಂದಬೇಕಾಗಿಲ್ಲ. ಅವರ ಒಂದನೆಯ ಸಂಪುಟ 1906ರಲ್ಲಿ ಬಂತು. 1924ರಲ್ಲಿ ನಾಲಿಗೆಗೆ ರುಚಿ ಹತ್ತುವಷ್ಟು ಎರಡು ತೆಳು ಭಾಗಗಳು ಬಂದವು. ಎರಡನೆಯ ಸಂಪುಟ 2010ರಲ್ಲಿ ಬಂತು. ಈ ಲೆಕ್ಕದಲ್ಲಿ ಮೂರನೆಯದು 2114ಕ್ಕೆ ಕೈಸೇರುತ್ತದೆ. ಅರ್ಪಣೆಯ ಪುಟದಲ್ಲಿ ಹೆಸರಿನ ಜಾಗವನ್ನಷ್ಟು ಸದ್ಯಕ್ಕೆ ಖಾಲಿ ಬಿಟ್ಟಿರಬೇಕು.