ಚಿಕ್ಕಪ್ಪನ ವಯಸ್ಸು 62. ಎಪ್ಪತ್ತೊಂದಲ್ಲ.

ಬೆಳಗ್ಗೆಯಿಂದ ಸಿಟ್ಟು ಇಳಿದಿಲ್ಲ. ಚಿಕ್ಕಪ್ಪ ಯಾವುದೋ ಲ್ಯಾಬಿನಲ್ಲಿ ಫುಲ್ ಬಾಡಿ ಚೆಕಪ್ ಮಾಡಿಸಿದ್ದಾರೆ. ವರದಿಯ ಮೊದಲ ಪುಟದಲ್ಲೇ ಕೆಂಪಕ್ಷರ: ಜೈವಿಕ ವಯಸ್ಸು 71. ಅದರ ಕೆಳಗೆ, ಮರೆವಿನ ಕಾಯಿಲೆಯ ಅಪಾಯ ಹೆಚ್ಚು ಅಂತ ಒಂದು ಸಾಲು. ಯಾವ ಡಾಕ್ಟರೂ ಕೂರಿಸಿ ಮಾತಾಡಿಲ್ಲ, ಪಿಡಿಎಫ್ ವಾಟ್ಸಾಪ್‌ಗೆ ಬಂದಿದೆ, ಅಷ್ಟೇ. “ಪುಟ್ಟೀ, ನಂಗೂ ಅತ್ತಿಗೆ ಥರಾನೇ ಆಗುತ್ತೇನೇ?” ಅಂತ ಫೋನಲ್ಲಿ ಕೇಳಿದ್ರು.

ಅತ್ತಿಗೆ ಅಂದ್ರೆ ನನ್ನ ಅಮ್ಮ. ಮರೆವಿನ ಕಾಯಿಲೆಯಲ್ಲಿ ಅಮ್ಮನ ಕೊನೆಯ ವರ್ಷಗಳು ಹೇಗಿದ್ದವು ಅಂತ ನಿಮ್ಮಲ್ಲಿ ಹಲವರಿಗೆ ಗೊತ್ತು. ಅಮ್ಮನಿಗೂ ಚಿಕ್ಕಪ್ಪನಿಗೂ ರಕ್ತಸಂಬಂಧ ಇಲ್ಲ. ಆ ಭಯ ಇರಬೇಕಾದ್ದು ನನಗೆ. ಇದೆ. ಒಂದು ಹೆಸರು ನೆನಪಾಗದಿದ್ದರೂ ಎದೆ ಧಸಕ್ಕೆನ್ನುತ್ತೆ.

ಜೈವಿಕ ವಯಸ್ಸು ಅಂದ್ರೆ ದೇಹ ಎಷ್ಟು ಸವೆದಿದೆ ಅನ್ನೋ ಅಂದಾಜು. 2013ರಲ್ಲಿ ಸ್ಟೀವ್ ಹೋರ್ವಾತ್ ಅನ್ನೋ ವಿಜ್ಞಾನಿ ಡಿಎನ್‌ಎಯ 353 ಜಾಗಗಳಲ್ಲಿ ಅಂಟಿಕೊಳ್ಳೋ ಮಿಥೈಲ್ ಅನ್ನೋ ಪುಟ್ಟ ರಾಸಾಯನಿಕ ಗುರುತು ನೋಡಿ ವಯಸ್ಸು ಅಂದಾಜಿಸುವ ಲೆಕ್ಕ ಕಟ್ಟಿದರು, ಎಪಿಜೆನೆಟಿಕ್ ಗಡಿಯಾರ ಅಂತಾರೆ ಅದಕ್ಕೆ. ದೊಡ್ಡ ಕೆಲಸ. ಆಮೇಲೆ ಅಂಥವು ಹಲವು ಬಂದಿವೆ, ಒಬ್ಬರದೇ ರಕ್ತಕ್ಕೆ ಅವು ಬೇರೆ ಬೇರೆ ವಯಸ್ಸು ಹೇಳಬಹುದು. ಸಾವಿರಾರು ಜನರ ಲೆಕ್ಕದಲ್ಲಿ ಕಾಣೋ ಒಲವನ್ನ ಒಬ್ಬ ಮನುಷ್ಯನ ಹಣೆಬರಹ ಮಾಡಿ ಮಾರೋದು ಯಾವ ನ್ಯಾಯ? ಈ ಲ್ಯಾಬ್ ಯಾವ ಲೆಕ್ಕ ಹಿಡಿದಿದೆ ಅಂತ ವರದಿಯಲ್ಲೆಲ್ಲೂ ಇಲ್ಲ. ಐಐಎಸ್‌ಸಿಯ ಮಿದುಳು ಸಂಶೋಧನಾ ಕೇಂದ್ರದವರು ಕೋಲಾರ ಜಿಲ್ಲೆ ಶ್ರೀನಿವಾಸಪುರದ ಹಳ್ಳಿಗಳಲ್ಲಿ 45 ದಾಟಿದವರನ್ನ ಮತ್ತೆ ಮತ್ತೆ ಪರೀಕ್ಷಿಸ್ತಿರೋದು ಯಾಕೆ? ನಮ್ಮ ಜನರ ಮಿದುಳಿಗೆ ಮುಪ್ಪು ಹೇಗೆ ಬರುತ್ತೆ ಅಂತ ತಿಳಿಯೋಕೆ ವರ್ಷಗಟ್ಟಲೆ ತಾಳ್ಮೆ ಬೇಕು ಅಂತ.

ಮೊದಲೇ ಗೊತ್ತಾದ್ರೆ ಒಳ್ಳೇದಲ್ವಾ ಅಂತ ನನ್ನ ತಮ್ಮನ ವಾದ. ಅಲ್ಝೈಮರ್‌ನ ಸುಳಿವು ಕೊಡೋ ಪಿ-ಟೌ217 ಅನ್ನೋ ಪ್ರೋಟೀನ್ ನೋಡೋ ಒಂದು ರಕ್ತಪರೀಕ್ಷೆಗೆ 2025ರ ಮೇನಲ್ಲಿ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ ಒಪ್ಪಿಗೆ ಕೊಟ್ಟಿದೆ, ನಿಜ. ಅದು 55 ದಾಟಿದ, ಮರೆವಿನ ಲಕ್ಷಣ ಕಾಣಿಸಿಕೊಂಡವರಿಗೆ, ತಜ್ಞರ ನಿಗಾದಲ್ಲಿ. ಕಿಡ್ನಿ ಕೆಟ್ಟಿದ್ದರೂ ಆ ಪ್ರೋಟೀನ್ ಏರುತ್ತೆ. ಚೆಕಪ್ ಪ್ಯಾಕೇಜಿಗೂ ಅದಕ್ಕೂ ಸಂಬಂಧವೇ ಇಲ್ಲ.

ನನ್ನ ಹೊಟ್ಟೆ ಉರಿಸಿದ್ದು ಇದು. ಚಿಕ್ಕಪ್ಪನಿಗೆ ಕಿವಿ ಸರಿಯಾಗಿ ಕೇಳಿಸಲ್ಲ. ಬಿಪಿ ಮಾತ್ರೆ ನೆನಪಾದಾಗ ನುಂಗ್ತಾರೆ. ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೆಯ ಆಯೋಗದ 2024ರ ವರದಿ ಡಿಮೆನ್ಷಿಯಾಗೆ, ಅಂದ್ರೆ ಮರೆವಿನ ಕಾಯಿಲೆಗೆ, ಹೇಳಿದ್ದು 14 ಅಪಾಯಗಳನ್ನ: ಕಿವುಡು, ಬಿಪಿ, ಸಕ್ಕರೆ, ಕೆಟ್ಟ ಕೊಲೆಸ್ಟ್ರಾಲ್, ಒಂಟಿತನ, ಮಂಜಾದ ಕಣ್ಣು ಎಲ್ಲ ಅದರಲ್ಲಿವೆ. ಇವನ್ನೆಲ್ಲ ನಿಭಾಯಿಸಿದರೆ ಡಿಮೆನ್ಷಿಯಾದ ಸುಮಾರು 45% ಪ್ರಕರಣಗಳನ್ನ ತಡೆಯಬಹುದು, ಇಲ್ಲವೇ ಮುಂದೂಡಬಹುದು ಅಂತ ಅಂದಾಜು. ಲ್ಯಾಬಿನ ಅಷ್ಟುದ್ದದ ವರದಿಯಲ್ಲಿ ಕಿವಿಯ ಬಗ್ಗೆ ಒಂದಕ್ಷರ ಇಲ್ಲ!

ಶನಿವಾರ ಕಿವಿ ಪರೀಕ್ಷೆಗೆ ಕರ್ಕೊಂಡು ಹೋಗ್ತೀನಿ. ಮಷೀನ್ ಹಾಕ್ಕೊಂಡ್ರೆ ಮುದುಕ ಅಂತಾರೆ ಅಂತ ಹಟ ಹಿಡಿದಿದ್ದಾರೆ. ನಿಮ್ಮ ಮನೇಲಿ ಯಾರಾದ್ರೂ ಹಾಕ್ಕೊಂಡಿದ್ರೆ ಅವರಿಂದ ಒಂದು ಫೋನ್ ಮಾಡಿಸ್ತೀರಾ? ನನ್ನ ಮಾತು ಅವರು ಕೇಳ್ತಿಲ್ಲ.